ರಮಾಮಣಿಯಮ್ಮನ ಬಲಗೈ

ಉಡುಪಿಯ ಅಂಬಲಪಾಡಿಯ ಕಡೆ ಯಾರದಾದರೂ ಮನೆಯಲ್ಲಿ ಉಂಡು ಎದ್ದವರು ಅಡಿಗೆಯವರನ್ನು ಬಿಟ್ಟು ಬಡಿಸಿದವರನ್ನು ಹೊಗಳುತ್ತಿದ್ದಾರೆ ಎಂದರೆ, ಅಂದು ಬಡಿಸಿದವರು ರಮಾಮಣಿಯಮ್ಮ ಎಂದು ಕಣ್ಣು ಮುಚ್ಚಿ ಹೇಳಬಹುದಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಾರಿನ ಪಾತ್ರೆ ಹಿಡಿದು ಪಂಕ್ತಿಯ ತುದಿಯಲ್ಲಿ ನಿಂತರೆ ಯಾರ ಎಲೆಯಲ್ಲಿ ಏನು ಮುಗಿದಿದೆ ಎಂದು ಅಲ್ಲಿಂದಲೇ ಅವರಿಗೆ ಗೊತ್ತಾಗುತ್ತಿತ್ತು. ನಾಚಿಕೆಯವರ ಎಲೆಗೆ ಕೇಳದೆಯೇ ಬೀಳುತ್ತಿತ್ತು. ಆಸೆಬುರುಕರಿಗೆ ಒಂದು ನೋಟ ಬೀಳುತ್ತಿತ್ತು, ಆಮೇಲೆ ಪಾಯಸವೂ ಬೀಳುತ್ತಿತ್ತು.

ಶಿಸ್ತು ಮಾತ್ರ ಬಹಳ. ಒಮ್ಮೆ ನೆಂಟರ ಮನೆಯ ಹೊಸ ಸೊಸೆಯೊಬ್ಬಳು ಅವಸರದಲ್ಲಿ ಎಡಗೈಯಿಂದ ಉಪ್ಪು ಬಡಿಸಿದಳು. ರಮಾಮಣಿಯಮ್ಮ ಆ ಎಲೆಯನ್ನೇ ಎತ್ತಿ ಬೇರೆ ಎಲೆ ಹಾಕಿದರು. ಆ ಹುಡುಗಿ ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ, ಆದರೂ ಉಪ್ಪಿನ ಭರಣಿ ಮುಟ್ಟುವಾಗ ತನ್ನ ಕೈ ಯಾವುದೆಂದು ಒಮ್ಮೆ ನೋಡಿಕೊಳ್ಳುತ್ತಾಳಂತೆ. ಬಲಗೈ ಅನ್ನದ್ದು, ಎಡಗೈ ಉಳಿದ ಕೆಲಸದ್ದು. ಇದು ರಮಾಮಣಿಯಮ್ಮನ ಮಟ್ಟಿಗೆ ಸೂರ್ಯ ಮೂಡಣದಲ್ಲಿ ಹುಟ್ಟುವಷ್ಟೇ ಖಂಡಿತವಾದ ಸಂಗತಿ.

ಅಂಥವರಿಗೆ ಎರಡು ಸಾವಿರದ ಎರಡನೆಯ ಇಸವಿಯ ನವರಾತ್ರಿ ಕಳೆದ ಮೇಲೆ, ಹಿತ್ತಿಲಲ್ಲಿ ಹಪ್ಪಳ ಒಣಹಾಕುತ್ತಿದ್ದಾಗ, ಲಕ್ವ ಹೊಡೆದು ಬಲಗಡೆಯ ಮೈ ಪೂರ್ತಿ ಬಿದ್ದುಹೋಯಿತು. ಕಾಲು ಹೋಯಿತು, ಮಾತು ಹೋಯಿತು, ಎಲ್ಲಕ್ಕಿಂತ ಮುಖ್ಯವಾಗಿ ಬಲಗೈ ಹೋಯಿತು. ವಿಧಿಗೆ ಬೇರೆ ಕೈ ಸಿಗಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಮಣಿಪಾಲದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಕರೆತಂದರು. ಕಿವಿ ಚುರುಕಾಗಿಯೇ ಇತ್ತು, ಬುದ್ಧಿ ಅದಕ್ಕಿಂತ ಚುರುಕಾಗಿತ್ತು. ಆದರೆ ಬಾಯಿ ತೆರೆದರೆ 'ಬ ಬ ಬ' ಎನ್ನುವುದರ ಹೊರತು ಬೇರೇನೂ ಬರುತ್ತಿರಲಿಲ್ಲ. ತಾನೇ ಅದನ್ನು ಕೇಳಿಸಿಕೊಂಡು ನಾಚಿ, ಬಾಯಿ ತೆರೆಯುವುದನ್ನೇ ಅವರು ಬಿಟ್ಟುಬಿಟ್ಟರು. ಊಟಕ್ಕೂ ತೆರೆಯಲಿಲ್ಲ, ಮಾತ್ರೆಯ ಜೊತೆ ಇಳಿದ ಎರಡು ಗುಟುಕು ಹಾಲಿನಲ್ಲೇ ಜೀವ ನಿಂತಿತ್ತು.

ಮನೆಯವರೆಂದರೆ ಗಂಡ ಮಧ್ವರಾಜ ಉಪಾಧ್ಯರು, ಮಗ ಅಭಿರಾಮ್, ಸೊಸೆ ಅನ್ವಿತಾ. ಉಪಾಧ್ಯರು ಪುರೋಹಿತರು, ಊರವರ ಮದುವೆ ಮುಂಜಿಯೆಲ್ಲ ಮಾಡಿಸಿದವರು. ಮಗನಿಗೆ ಕಾರ್ಕಳದಲ್ಲಿ ಬ್ಯಾಂಕಿನ ಕೆಲಸ, ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬರುವವನು. ಅನ್ವಿತಾ ಮಣಿಪಾಲದ ಶಾಲೆಯಲ್ಲಿ ಟೀಚರು. ಇದ್ದ ರಜೆಯನ್ನೆಲ್ಲ ಅತ್ತೆಗಾಗಿ ಸುರಿದಳು. ಒಂದು ದಿನ ಸಾರು ಅನ್ನ, ಇನ್ನೊಂದು ದಿನ ತಂಬುಳಿ, ಮತ್ತೊಂದು ದಿನ ಮೆತ್ತಗೆ ಬೇಯಿಸಿದ ದೋಸೆ. ಚಮಚ ತುಟಿಯ ಹತ್ತಿರ ಬಂದ ಕೂಡಲೇ ರಮಾಮಣಿಯಮ್ಮನ ಮುಖ ಗೋಡೆಯ ಕಡೆ ತಿರುಗುತ್ತಿತ್ತು.

"ರುಚಿ ಹಿಡಿಸಲಿಲ್ಲವಾ ಅತ್ತೆ? ಉಪ್ಪು ಜಾಸ್ತಿಯಾಯಿತಾ?" ಎಂದು ಆ ಹುಡುಗಿ ಕೇಳುವಾಗ ಅವಳ ಕಣ್ಣಲ್ಲಿ ನೀರು. ಉಪ್ಪು ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಬೇರೆ. ಅಷ್ಟು ಜನರಿಗೆ ಬಡಿಸಿದವರ ಬಾಯಿಗೆ ಈಗ ಇನ್ನೊಬ್ಬರು ಚಮಚದಲ್ಲಿ ಇಡುವುದೆಂದರೆ, ತಾನು ಇಲ್ಲವಾದಂತೆಯೇ ಎಂದು ಅವರಿಗೆ ಅನಿಸುತ್ತಿತ್ತು. ಅದನ್ನು ಹೇಳುವುದು ಹೇಗೆ?

ಆಸ್ಪತ್ರೆಯಲ್ಲಿ ಎಡಗೈಯಲ್ಲಿ ಉಣ್ಣುವ ಅಭ್ಯಾಸ ಮಾಡಿಸಿ ಎಂದಿದ್ದರು. ಒಳ್ಳೆಯ ಮಾತೇ. ಉಪಾಧ್ಯರು ಹೆಂಡತಿಯ ಎಡಗೈಗೆ ತುತ್ತು ಇಟ್ಟು, "ಆತುರೇ ನಿಯಮೋ ನಾಸ್ತಿ. ಕಾಯಿಲೆಯವರಿಗೆ ನಿಯಮ ಇಲ್ಲ ಅಂತ ಶಾಸ್ತ್ರವೇ ಹೇಳಿದೆ ಮಾರಾಯ್ತಿ, ತಿನ್ನು" ಎಂದರು. ತುತ್ತು ಹಾರಿ ಅವರ ಶಲ್ಯದ ಮೇಲೆ ಬಿತ್ತು. 'ನಿಮ್ಮ ಶಾಸ್ತ್ರ ನಿಮ್ಮ ಗಂಟಿನಲ್ಲೇ ಇರಲಿ' ಎಂದು ರಮಾಮಣಿಯಮ್ಮ ಮನಸ್ಸಿನಲ್ಲಿ ಹೇಳಿದ್ದು ಪಾಪ, ಅವರಿಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಹೆಂಡತಿ ಗುಣವಾದಳೆಂದು ಸಂತೋಷಪಡುತ್ತಿದ್ದರು.

ಮನೆಯವರು ಮಾಡಿದ ತಪ್ಪು ಪ್ರೀತಿಯ ತಪ್ಪು. ಕಾಯಿಲೆಯ ಹೆಂಗಸಿಗೆ ಇನ್ನೇಕೆ ಕಟ್ಟುಪಾಡು ಎಂದು ಅವರು ಒಂದೊಂದಾಗಿ ಎಲ್ಲವನ್ನೂ ಬಿಡಿಸಿದರು. ಸೀರೆ ಹೋಗಿ ನೈಟಿ ಬಂತು. ಸೂಜಿ ಚುಚ್ಚುವಾಗ ಆಸ್ಪತ್ರೆಯಲ್ಲಿ ತೆಗೆದ ಬಲಗೈ ಬಳೆಗಳು ಊದಿಕೊಂಡ ಕೈಗೆ ಮತ್ತೆ ಏರಲಿಲ್ಲ, ಕಪಾಟಿಗೆ ಹೋದವು. ಗಂಡ ಎದುರಿಗೇ ಕೂತಿರುವಾಗ ಮುತ್ತೈದೆಯ ಕೈ ಬೋಳು! ನೋಡಲು ಬಂದವರಿಗೆ ಕಾಣದಿರಲಿ ಎಂದು ಆ ಕೈಯನ್ನು ಹೊದಿಕೆಯೊಳಗೆ ಇಟ್ಟರು. ಕೈಯ ಜೊತೆಗೆ ಮನುಷ್ಯಳೂ ಹೊದಿಕೆಯೊಳಗೆ ಹೋಗುತ್ತಿದ್ದಾಳೆ ಎಂದು ಯಾರಿಗೂ ಹೊಳೆಯಲಿಲ್ಲ.

ಮರುಪರೀಕ್ಷೆಗೆ ಹೋದಾಗ ಡಾಕ್ಟರು ನೋಡಿದರು. ನುಂಗುವುದಕ್ಕೆ ತೊಂದರೆಯಿಲ್ಲ, ಆದರೆ ತೂಕ ಇಳಿಯುತ್ತಿದೆ. ಹೀಗೇ ಆದರೆ ಮುಂದಿನ ವಾರ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು. ಗಾಲಿಕುರ್ಚಿಯಲ್ಲಿ ಕೂತಿದ್ದ ರಮಾಮಣಿಯಮ್ಮನಿಗೆ ಎಲ್ಲವೂ ಕೇಳಿಸಿತು. ಬಾಯಿಯನ್ನು ಬಿಟ್ಟು ಮೂಗಿನಲ್ಲಿ ಊಟ! ದಾರಿಯುದ್ದಕ್ಕೂ ಅವರು ಕಾರಿನ ಕಿಟಕಿಯ ಹೊರಗೆ ನೋಡುತ್ತ ಕೂತರು. ಹೆದರಿಕೆಯಾಗಿತ್ತು. ಆದರೂ ಆ ರಾತ್ರಿಯ ಗಂಜಿಗೆ ಬಾಯಿ ತೆರೆಯಲಿಲ್ಲ. ಹಟಕ್ಕೆ ಮಾತು ಬೇಕಾಗುವುದಿಲ್ಲವಲ್ಲ.

ಅಂಥ ವಾರದಲ್ಲಿ ಕಾಪುವಿನ ಝೀಟಾ ಸಿಸ್ಟರ್ ಮನೆಗೆ ಬಂದರು. ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ, ಹಾಸಿಗೆ ಹಿಡಿದವರ ಮನೆಗಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದವರು. ಮನೆಯಲ್ಲೇ ಉಳಿದು ನೋಡಿಕೊಳ್ಳುವ ಹೆಂಗಸರಿಗೆ ಕೆಲಸ ಕಲಿಸಿ ಕಳುಹಿಸುತ್ತಲೂ ಇದ್ದರು. ಅಂದು ಅವರ ಹಿಂದೆ ಒಬ್ಬಳು ನಿಂತಿದ್ದಳು. ಎತ್ತರದ ಆಳು, ದೊಡ್ಡ ಕುಂಕುಮ, ಇಳಕಲ್ ಸೀರೆ.

"ಇವಳು ಲಕ್ಕವ್ವ. ಬಾಗಲಕೋಟೆ ಕಡೆಯವಳು, ಈಗ ಉದ್ಯಾವರದಲ್ಲಿ ಇರುವುದು. ಹಗಲು ಪೂರ್ತಿ ಅಮ್ಮನ ಹತ್ತಿರ ಇರುತ್ತಾಳೆ" ಎಂದರು ಸಿಸ್ಟರ್. ಆಮೇಲೆ ಹಾಸಿಗೆಯ ಅಂಚಿಗೆ ಕೂತು, "ಎಂತ ರಮಾಮಣಿಯಮ್ಮ, ಎಲ್ಲರನ್ನೂ ಹೆದರಿಸುತ್ತಾ ಇದ್ದೀರಂತೆ?" ಎಂದು ನಕ್ಕರು. ಹೊರಡುವಾಗ ಜಗಲಿಯಲ್ಲಿ ಲಕ್ಕವ್ವನಿಗೆ ಹೇಳಿದ್ದು ಒಳಗೂ ಕೇಳಿಸಿತು: "ಬೀಪಿ, ಮಾತ್ರೆ, ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲ ಉಂಟು. ಆದರೆ ಅದು ಅರ್ಧ ಕೆಲಸ. ಮೊದಲು ಆ ಅಮ್ಮ ಯಾರು ಅಂತ ನೋಡು."

ಲಕ್ಕವ್ವ ಗಂಡ ಚಂದಪ್ಪನ ಜೊತೆ ಮಣಿಪಾಲದ ಕಟ್ಟಡಗಳಿಗೆ ಕಲ್ಲು ಗಾರೆ ಹೊರಲು ಬಂದವಳು. ಬೆನ್ನು ನೋವು ಹಿಡಿದ ಮೇಲೆ ವಾರ್ಡು ಗುಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಯಾರೂ ಇಲ್ಲದ ಮುದುಕಿಯೊಬ್ಬಳ ತಲೆ ಬಾಚುತ್ತ ಕೂತಿದ್ದವಳನ್ನು ಝೀಟಾ ಸಿಸ್ಟರ್ ಕಂಡು ಹಿಡಿದುಕೊಂಡರು.

ಮೊದಲ ದಿನ ಅವಳ ಚಮಚಕ್ಕೂ ರಮಾಮಣಿಯಮ್ಮನ ಮುಖ ಗೋಡೆಗೇ ತಿರುಗಿತು. ಎಡಗೈಗೆ ಇಟ್ಟ ತುತ್ತು ನೇರವಾಗಿ ಲಕ್ಕವ್ವನ ತಲೆಗೆ ಹೋಯಿತು. ಕೂದಲಿನಿಂದ ಅನ್ನ ತೆಗೆದುಕೊಳ್ಳುತ್ತ ಅವಳು ಬಿದ್ದು ಬಿದ್ದು ನಕ್ಕಳು.

"ಬಾಳ ಚಲೋ ಆತು ಬಿಡ್ರೀ ಯಮ್ಮಾ! ಇಷ್ಟು ಸಿಟ್ಟು ಐತಿ ಅಂದ್ರ ಜೀವ ಗಟ್ಟಿ ಐತಿ. ನಮ್ಮವ್ವನೂ ಹಿಂಗ ಇದ್ಲು, ಹಸಿವಾದ್ರೂ ಹಟ ಬಿಡ್ತಿರ್ಲಿಲ್ಲ."

ಈ ಮನೆಯಲ್ಲಿ ಯಾರಾದರೂ ಹೀಗೆ ಬಾಯ್ತುಂಬ ನಕ್ಕು ಎಷ್ಟು ಕಾಲವಾಗಿತ್ತು! ರಮಾಮಣಿಯಮ್ಮನಿಗೆ ಸಿಟ್ಟಿನ ಜೊತೆ ಸ್ವಲ್ಪ ಹಿತವೂ ಆಯಿತು. ಎಲ್ಲರೂ ತನ್ನ ಎದುರು ಪಿಸುಪಿಸು ಮಾತಾಡುತ್ತಿದ್ದಾಗ ಇವಳೊಬ್ಬಳು ಹೊಲದ ಬದುವಿನಲ್ಲಿ ನಿಂತು ಕೂಗುವ ಹಾಗೆ ಮಾತಾಡುತ್ತಿದ್ದಳು.

ಮಧ್ಯಾಹ್ನ ಲಕ್ಕವ್ವ ಹೊದಿಕೆ ಸರಿಸಿ ಬಲಗೈಯನ್ನು ಹೊರಗೆ ತೆಗೆದಳು. "ಈ ಕೈ ಏನ್ ತಪ್ಪು ಮಾಡೈತ್ರೀ, ಇದನ್ನ ಯಾಕ ಮುಚ್ಚಿಟ್ಟೀರಿ?" ಎಂದು ಯಾರನ್ನೋ ಕೇಳಿದಳು. ಬಿಸಿನೀರಿನ ಬೋಗುಣಿ ತಂದು ಬೆರಳು ಬೆರಳಿನ ಸಂದಿ ತೊಳೆದಳು. ಉಗುರು ತೆಗೆದಳು. ಎಣ್ಣೆ ಹಚ್ಚಿ, ಮುಚ್ಚಿಕೊಂಡಿದ್ದ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಬೋಳು ಮಣಿಕಟ್ಟಿನ ಸುತ್ತ ಬೆರಳು ಸುತ್ತಿ ಅಳತೆ ನೋಡಿದಳು.

ಮರುದಿನ ಬರುವಾಗ ಉಡುಪಿಯ ಬಳೆ ಅಂಗಡಿಯಿಂದ ದೊಡ್ಡ ಅಳತೆಯ ಹಸಿರು ಗಾಜಿನ ಬಳೆ ತಂದಿದ್ದಳು. ಸೋಪಿನ ನೊರೆ ಹಚ್ಚಿ, ಒಂದೊಂದನ್ನೇ ನೋಯದಂತೆ ಏರಿಸಿದಳು. ಕೈ ಎತ್ತಿ ಮೆಲ್ಲಗೆ ಅಲ್ಲಾಡಿಸಿದಳು. ಬಳೆ ಸದ್ದಾಯಿತು. ರಮಾಮಣಿಯಮ್ಮನ ಕಣ್ಣಿನಿಂದ ನೀರು ಕಿವಿಯ ತನಕ ಇಳಿಯಿತು. ದೇವರು ತನ್ನ ಮಾತು ಕಿತ್ತುಕೊಂಡದ್ದಕ್ಕೆ ಅವರಿಗೆ ನಿಜವಾಗಿ ದುಃಖವಾದದ್ದು ಅದೇ ಮೊದಲ ಸಲ. ಅಷ್ಟು ದಿನ ಬೈಯಲು ಮಾತು ಬೇಕಿತ್ತು. ಈಗ ಬೇರೆ ಏನೋ ಹೇಳಲು ಬೇಕಾಗಿತ್ತು.

ಆ ಮಧ್ಯಾಹ್ನ ಅನ್ವಿತಾ ಸಾರು ಅನ್ನದ ತಟ್ಟೆ ಇಟ್ಟು ಹೋದಳು. ಲಕ್ಕವ್ವ ಚಮಚವನ್ನು ಪಕ್ಕಕ್ಕೆ ಇಟ್ಟಳು. ರಮಾಮಣಿಯಮ್ಮನನ್ನು ದಿಂಬಿಗೆ ಒರಗಿಸಿ ನೇರ ಕೂರಿಸಿ, ಅವರ ಬಲಗೈಯ ಕೆಳಗೆ ತನ್ನ ಬಲಗೈ ಇಟ್ಟಳು.

"ನೀವು ನಿಮ್ಮ ಕೈಲೇ ಉಣ್ರೀ ಯಮ್ಮಾ. ನಾ ಬರೇ ಕೆಳಗ ಹಿಡ್ಕೊಂಡಿರ್ತೀನಿ."

ಎರಡೂ ಕೈ ಒಟ್ಟಿಗೆ ತಟ್ಟೆಗೆ ಇಳಿದವು. ಮೇಲಿನ ಕೈಗೆ ಬಲವಿಲ್ಲ, ಕೆಳಗಿನ ಕೈ ಅದರ ಬೆರಳುಗಳನ್ನು ಮಡಚಿ ಅನ್ನ ಕಲಸಿತು. ಸಾರು ಬೆರಳ ಸಂದಿಯಿಂದ ಸೋರಿತು. ತುತ್ತು ವಕ್ರವಕ್ರವಾಗಿ ಮೇಲೆ ಬಂತು.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಲಕ್ಕವ್ವನಂಥವರು ಹಿತ್ತಿಲಿಗೆ ಕೆಲಸಕ್ಕೆ ಬಂದರೆ ರಮಾಮಣಿಯಮ್ಮ ಹೊಟ್ಟೆ ತುಂಬ ಹಾಕುತ್ತಿದ್ದರು ನಿಜ. ಆದರೆ ಹೊರಗೆ, ಬೇರೆ ಎಲೆಯಲ್ಲಿ, ನೀರನ್ನು ಎತ್ತರದಿಂದ ಹೊಯ್ದು. ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ, ಅವರಿಗೂ ಅನಿಸಿರಲಿಲ್ಲ. ಈಗ ಆ ಕೈಯೇ ತನ್ನ ಅನ್ನದೊಳಗೆ ಇತ್ತು. ತುತ್ತು ತುಟಿಯ ಹತ್ತಿರ ನಿಂತಾಗ ಇಷ್ಟೂ ಅವರ ತಲೆಯಲ್ಲಿ ಸುಳಿಯಿತು. ಲಕ್ಕವ್ವನ ಕೈ ನಡುಗದೆ ಕಾಯುತ್ತಿತ್ತು. ಅವಸರ ಮಾಡಲಿಲ್ಲ, 'ತಿನ್ನಿ' ಎನ್ನಲಿಲ್ಲ. ತನ್ನ ಬಲಗೈ ತನ್ನ ಬಾಯಿಯ ಎದುರು ನಿಂತಿತ್ತು, ಗಾಜಿನ ಬಳೆ ತೊಟ್ಟು. ರಮಾಮಣಿಯಮ್ಮ ಬಾಯಿ ತೆರೆದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಉಪಾಧ್ಯರು ಅಡಿಗೆಮನೆಗೆ ಓಡಿಹೋಗಿ ಸೊಸೆಗೆ, "ತಿಂದಳು, ತಿಂದಳು" ಎಂದರು. ಬೇರೆ ಶ್ಲೋಕ ಯಾವುದೂ ನೆನಪಾಗಲಿಲ್ಲ.

ಝೀಟಾ ಸಿಸ್ಟರ್ ಬಂದು ನೋಡಿ ತಲೆಯಾಡಿಸಿದರು. "ಹೀಗೆ ಮಾಡಿಸುವುದು ನಮ್ಮಲ್ಲಿಯೂ ಉಂಟು. ಆದರೆ ಒಂದು ಊಟಕ್ಕೆ ಒಂದು ಗಂಟೆ ಬೇಕು ನೋಡಿ, ಆಸ್ಪತ್ರೆಯಲ್ಲಿ ಅಷ್ಟು ಪುರುಸೊತ್ತು ಯಾರಿಗುಂಟು? ಬಿಡಬೇಡ ಲಕ್ಕವ್ವ, ಆ ಕೈಗೂ ಇದು ವ್ಯಾಯಾಮ." ಮೂಗಿನ ನಳಿಗೆಯ ಮಾತು ಅಲ್ಲಿಗೆ ನಿಂತುಹೋಯಿತು. ಮುಂದಿನ ಪರೀಕ್ಷೆಯಲ್ಲಿ ಡಾಕ್ಟರೇ ಸಂತೋಷದಿಂದ ಲಕ್ಕವ್ವನ ಬೆನ್ನು ತಟ್ಟಿದರು.

ಹೊಟ್ಟೆಗೆ ಅನ್ನ ಬಿದ್ದ ಮೇಲೆ ಉಳಿದದ್ದು ಒಂದೊಂದಾಗಿ ಬಂತು. ಲಕ್ಕವ್ವ ನೈಟಿಯನ್ನು ಮಡಚಿಟ್ಟು ಸೀರೆ ಉಡಿಸಿದಳು. ಅವಳು ಉಡಿಸುವ ರೀತಿ ಈ ಊರಿನದ್ದಲ್ಲ, ನೆರಿಗೆ ಎಲ್ಲೋ ಹೋಗುತ್ತಿತ್ತು, ಆದರೂ ಸೀರೆ ಸೀರೆಯೇ. ತಲೆ ಬಾಚಿ ಮಲ್ಲಿಗೆ ಮುಡಿಸಿದಳು. ಸೊಂಟ ಹಿಡಿದು, ಮೊದಲು ಬಾಗಿಲ ತನಕ, ಆಮೇಲೆ ತುಳಸಿಕಟ್ಟೆಯ ತನಕ ನಡೆಸಿದಳು. ಹಗಲಿಡೀ ಮಲಗಿದರೆ ಮನಸ್ಸಿಗೆ ಹುಳ ಬೀಳುತ್ತದೆ ಎಂದು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಅಲ್ಲಿ ಕೂತ ರಮಾಮಣಿಯಮ್ಮ, ಅನ್ವಿತಾ ತೊಂಡೆಕಾಯಿ ಹೆಚ್ಚುವ ರೀತಿಗೆ ಹುಬ್ಬು ಗಂಟಿಕ್ಕಲು ಶುರುಮಾಡಿದರು. "ಅತ್ತೆ ವಾಪಸ್ಸು ಬಂದರು" ಎಂದು ಅನ್ವಿತಾ ಗಂಡನಿಗೆ ಹೇಳಿದಳಂತೆ. ಹೇಳುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇದ್ದಿರಬೇಕು.

ಮಾತೂ ಒಂದೊಂದೇ ಬಂತು. 'ಬೇಡ' ಬಂತು, 'ನೀರು' ಬಂತು. ಕೈ ಮಾತ್ರ ಪೂರ್ತಿಯಾಗಿ ಬರಲಿಲ್ಲ. ಊಟದ ಹೊತ್ತಿಗೆ ಕೋಣೆಯ ಬಾಗಿಲು ಅರ್ಧ ಮುಚ್ಚಿ, ಎರಡು ಕೈ ಸೇರಿ ಒಂದು ಊಟ ನಡೆಯುತ್ತಿತ್ತು. ಆಮೇಲೆ ಒಂದೇ ಬೋಗುಣಿಯಲ್ಲಿ ಎರಡೂ ಕೈ ತೊಳೆದಾಗುತ್ತಿತ್ತು. ಅದಾದ ಮೇಲೆ ಲಕ್ಕವ್ವ ತನ್ನ ಊಟಕ್ಕೆ ಹಿಂದಿನ ಜಗಲಿಗೆ ಹೋಗುತ್ತಿದ್ದಳು. ಅವಳು ಅಲ್ಲಿ ಒಬ್ಬಳೇ ಕೂತು ಉಣ್ಣುವ ಸದ್ದು ರಮಾಮಣಿಯಮ್ಮನ ಕಿಟಕಿಗೆ ಕೇಳಿಸುತ್ತಿತ್ತು. ಮೊದಮೊದಲು ಅದು ಬರೀ ಸದ್ದಾಗಿತ್ತು. ಬರಬರುತ್ತ ಅದು ಅವರಿಗೆ ಚುಚ್ಚತೊಡಗಿತು.

ಬೇಸಿಗೆಯ ವಿಷು ಹಬ್ಬ ಕಳೆದ ಮೇಲೆ ಕಾರ್ಕಳದಿಂದ ಉಪಾಧ್ಯರ ಅಕ್ಕ ವಾರಿಜಾಕ್ಷಿಯಮ್ಮ ತಮ್ಮನ ಹೆಂಡತಿಯನ್ನು ನೋಡಲು ಬಂದರು. ಮಡಿಯ ವಿಷಯದಲ್ಲಿ ರಮಾಮಣಿಯಮ್ಮನಿಗೇ ಪಾಠ ಹೇಳಿದವರು. ಅವರ ಜೊತೆಗೆ ಎಲ್ಲರೂ ಒಟ್ಟಿಗೆ ಚಾವಡಿಯಲ್ಲಿ ಉಣ್ಣುವುದೆಂದಾಯಿತು. ಕಾಯಿಲೆಯ ನಂತರ ರಮಾಮಣಿಯಮ್ಮ ಪಂಕ್ತಿಗೆ ಬರುವುದು ಅದೇ ಮೊದಲು. ಅವರಿಗಾಗಿ ಕುರ್ಚಿಯ ಎದುರು ಸಣ್ಣ ಮೇಜಿಟ್ಟು ಎಲೆ ಹಾಕಿದರು.

ಉಪಾಧ್ಯರು ಲಕ್ಕವ್ವನನ್ನು ಪಕ್ಕಕ್ಕೆ ಕರೆದು, ಮುಖ ನೋಡಲಾರದೆ, "ಇವತ್ತೊಂದು ದಿನ ನೀನು ಹಿಂದೆಯೇ ಇರು, ಆಗದಾ? ಅಕ್ಕ ಹಳೆ ಕಾಲದವರು. ಇವತ್ತು ಅನ್ವಿತಾ ಚಮಚದಲ್ಲಿ ಕೊಡುತ್ತಾಳೆ" ಎಂದರು.

"ಆಗ್ಲಿ ಬಿಡ್ರೀ, ಅದಕ್ಕೇನಂತ" ಎಂದು ಲಕ್ಕವ್ವ ಜಗಲಿಗೆ ಹೋದಳು. ಉಪಾಧ್ಯರು ಕೆಟ್ಟವರಲ್ಲ. ಆದರೆ ಅಕ್ಕನ ಎದುರು ಎಪ್ಪತ್ತಾದರೂ ತಮ್ಮ ತಮ್ಮನೇ.

ಎಲೆಗೆ ಎಲ್ಲ ಬಿತ್ತು. ಅನ್ವಿತಾ ಚಮಚ ಹಿಡಿದು ಅತ್ತೆಯ ಪಕ್ಕ ನಿಂತಳು. ರಮಾಮಣಿಯಮ್ಮನ ಬಾಯಿ ಮುಚ್ಚಿತು. ಅನ್ವಿತಾ ಇನ್ನೊಮ್ಮೆ ಚಮಚ ಹತ್ತಿರ ತಂದಳು. ಮುಖ ಗೋಡೆಯ ಕಡೆ ತಿರುಗಿತು. ಆ ತಿರುಗುವಿಕೆಯನ್ನು ಉಪಾಧ್ಯರು ಮರೆತಿರಲಿಲ್ಲ.

"ಒಂದು ಹೊತ್ತು ಮಾರಾಯ್ತಿ" ಎಂದು ಬೇಡಿಕೊಂಡರು.

ರಮಾಮಣಿಯಮ್ಮ ಎಡಗೈಯಿಂದ ಊರುಗೋಲು ಎತ್ತಿ ನೆಲಕ್ಕೆ ಕುಟ್ಟಿದರು. ಬಾಯಿ ಎರಡು ಸಲ ಸುಮ್ಮನೆ ತೆರೆದು ಮುಚ್ಚಿತು. ಮೂರನೆಯ ಸಲ ಹೊರಟ ದನಿ ಹಿತ್ತಿಲ ತನಕ ಹೋಯಿತು.

"ಲಕ್ಕವ್ವಾ!"

ಆ ತನಕ ಅವರ ಬಾಯಿಂದ ಯಾರ ಹೆಸರೂ ಬಂದಿರಲಿಲ್ಲ, ಗಂಡನದಾಗಲಿ ಮಗನದಾಗಲಿ. ಲಕ್ಕವ್ವ ಓಡಿಬಂದು ಹೊಸ್ತಿಲಲ್ಲಿ ನಿಂತುಬಿಟ್ಟಳು.

"ಊಟದ ಹೊತ್ತಿಗೆ ಇವಳನ್ನು ಒಳಗೆ ಯಾಕೆ ಕರೆಯುವುದು?" ಎಂದರು ವಾರಿಜಾಕ್ಷಿಯಮ್ಮ. "ಇವಳಿಗೆ ಎಂತ ಕೆಲಸ ಇಲ್ಲಿ?"

ರಮಾಮಣಿಯಮ್ಮ ಎಡಗೈ ಚಾಚಿದರು. ಲಕ್ಕವ್ವ ಹೊಸ್ತಿಲು ದಾಟಿ ಬರುವ ತನಕ ಆ ಕೈ ಹಾಗೆಯೇ ಚಾಚಿಕೊಂಡಿತ್ತು. ಬಂದವಳ ಬಲಗೈಯನ್ನು ಹಿಡಿದು, ತಮ್ಮ ಬಿದ್ದುಹೋದ ಕೈಯ ಕೆಳಗೆ ತಾವೇ ಇಟ್ಟುಕೊಂಡರು. ಮನೆಯ ಮಾತು ತುಳು. ಆದರೆ ಅವರು ಲಕ್ಕವ್ವನಿಗೂ ತಿಳಿಯಲೆಂದು ಕನ್ನಡದಲ್ಲಿ, ಒಂದೊಂದೇ ಅಕ್ಷರ ಹೆಕ್ಕಿ ಹೇಳಿದರು.

"ಇದು... ನನ್ನ ಕೈ."

ವಾರಿಜಾಕ್ಷಿಯಮ್ಮ ತಮ್ಮನ ಮುಖ ನೋಡಿದರು. ತಮ್ಮ ಈಗ ಏನಾದರೂ ಶಾಸ್ತ್ರ ಹೇಳುತ್ತಾನೆ ಎಂದುಕೊಂಡಿರಬೇಕು. ಉಪಾಧ್ಯರು ಎಲೆಯ ಸುತ್ತ ಇನ್ನೂ ನೀರು ಸುತ್ತಿರಲಿಲ್ಲ, ಊಟಕ್ಕೆ ತೊಡಗಿರಲಿಲ್ಲ. ಎದ್ದರು. ಒಳಗೆ ಹೋಗಿ ಒಂದು ಬಾಳೆಲೆ ತಂದು, ಒರೆಸಿ, ಚಾವಡಿಯಲ್ಲಿ ತನ್ನ ಎಲೆಯ ಪಕ್ಕದಲ್ಲೇ ಹಾಕಿದರು.

"ಅಮ್ಮನ ಊಟ ಮುಗಿದ ಮೇಲೆ ಇಲ್ಲಿಯೇ ಕೂರಬೇಕು ನೀನು" ಎಂದು ಲಕ್ಕವ್ವನಿಗೆ ಹೇಳಿದರು. ಈ ಸಲ ಮುಖ ನೋಡಿಯೇ ಹೇಳಿದರು. ವಾರಿಜಾಕ್ಷಿಯಮ್ಮ ಏನನ್ನೋ ಹೇಳಲು ಹೊರಟು, ರಮಾಮಣಿಯಮ್ಮ ತಮ್ಮನ ಹೆಂಡತಿಯಾಗಿ ಬಂದ ದಿನದಿಂದ ಕಂಡ ಆ ಮುಖವನ್ನು ನೋಡಿ, ತನ್ನ ಎಲೆಯ ಕಡೆ ತಿರುಗಿದರು. ಎದ್ದು ಹೋಗಲಿಲ್ಲ, ಅದೂ ದೊಡ್ಡದೇ.

ಎರಡು ಕೈ ಸೇರಿ ಊಟ ನಿಧಾನವಾಗಿ ನಡೆಯಿತು. ಸಾರು ಮೇಜಿನ ಮೇಲೆ ಚೆಲ್ಲಿತು, ಬಳೆಗೂ ಮೆತ್ತಿತು. ಎಲ್ಲರೂ ಉಂಡು ಕೈ ತೊಳೆದು ಬಂದರೂ ಅದು ಮುಗಿದಿರಲಿಲ್ಲ. ಮುಗಿದ ಮೇಲೆ ಲಕ್ಕವ್ವ ಅಳುಕುತ್ತ ಆ ಎಲೆಯ ಮುಂದೆ ಕೂತಳು. ಅನ್ವಿತಾ ಬಡಿಸಿದಳು: ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಅನ್ನ, ಎಲ್ಲವೂ ಅತ್ತೆ ಕಲಿಸಿದ ಕ್ರಮದಲ್ಲಿ.

ದಿನವೂ ಊಟವಾದ ಕೂಡಲೇ ರಮಾಮಣಿಯಮ್ಮನಿಗೆ ಮಲಗಬೇಕು, ಬೆನ್ನು ಸೋಲುತ್ತಿತ್ತು. ಅಂದು ಉಪಾಧ್ಯರು ಕೋಣೆಗೆ ಕರೆದೊಯ್ಯಲು ಬಂದಾಗ ಅವರು ತಲೆಯಾಡಿಸಿದರು. ಅತಿಥಿ ಎಲೆಯ ಮುಂದೆ ಇರುವಾಗ ಮನೆಯ ಯಜಮಾನಿ ಎದ್ದು ಹೋಗುವ ಕ್ರಮ ಆ ಮನೆಯಲ್ಲಿ ಇರಲಿಲ್ಲ. ಲಕ್ಕವ್ವ ಮಜ್ಜಿಗೆ ಅನ್ನದ ಕೊನೆಯ ತುತ್ತು ಉಂಡು ಏಳುವ ತನಕ ರಮಾಮಣಿಯಮ್ಮ ಕುರ್ಚಿಯಿಂದ ಏಳಲಿಲ್ಲ.